ಮೊದಲು ಫೋನ್ ಇಡದ ಗೌಸಮೊಹಿದ್ದೀನ

ಜೇವರ್ಗಿಯ ಗೌಸಮೊಹಿದ್ದೀನ ಹಿರಿಯರ ಫೋನನ್ನು ತಾನಾಗಿ ಎಂದೂ ಕಟ್ ಮಾಡಿದವನಲ್ಲ. ಅವರೇ ಇಡಬೇಕು, ಅದು ಮನೆತನದ ಅದಬು, ಹಿರಿಯರಿಗೆ ಕೊಡುವ ಮರ್ಯಾದೆ. ಆಳಂದದ ಅಕ್ಕ ಹುಸೇನಬೀ ಫೋನ್ ಇಡುವುದನ್ನು ಮರೆತು ರೊಟ್ಟಿ ಬಡಿಯತೊಡಗಿದರೆ, ಈತ ಅಷ್ಟೂ ರೊಟ್ಟಿಯ ಸಪ್ಪಳ ಕೇಳುತ್ತ ಕೂಡುತ್ತಿದ್ದ.

ತಲೆಗೂದಲು ಉದುರಿದ ಮೇಲೆ ಈ ಝೆರಾಕ್ಸ್ ಅಂಗಡಿಯವನು ಪ್ರೋಗ್ರಾಮ್ ಬರೆಯಲು ಕಲಿತ. ಭೀಮಾ ಹೊಳೆಗೆ ಮೇಲಿನ ಆಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಾರೆಂದು ಒಂದು ವೆಬ್‌ಸೈಟನ್ನು ಮೇಲಿಂದ ಮೇಲೆ ಕೇಳಿ, ಹೆಚ್ಚಾದರೆ ದಂಡೆಯ ರೈತರ ಮೊಬೈಲಿಗೆ ಸುದ್ದಿ ಕಳಿಸುವುದು ಅವನು ಬರೆದ ಪ್ರೋಗ್ರಾಮಿನ ಕೆಲಸ. ಮುಂಜಾನೆ ಹುಮ್ಮಸ್ಸಿನಲ್ಲಿರುತ್ತಿದ್ದ ಅದು ಮಧ್ಯಾಹ್ನಕ್ಕೆ ಮೂಕಾಗುತ್ತಿತ್ತು. ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಮಾತು. ಧಗೆಯ ದೋಷವೆಂದು ಈತ ಫ್ಯಾನನ್ನು ಕಂಪ್ಯೂಟರಿನ ಕಡೆ ತಿರುಗಿಸಿ ತಾನು ಬೆವತ.

ಅಂದು ಅಫಜಲಪುರದ ಕಡೆಯ ಹಿರಿಯ ರೈತ ದೇವೀಂದ್ರಪ್ಪನ ಫೋನ್ ಬಂತು. "ಗೌಸಭಾಯಿ, ನಿನ್ನೆ ನಿನ್ನ ಮಶೀನ ಸುಮ್ನಿತ್ತು, ಬಾಜೂ ಹೊಲದ ದಾವಲಸಾಬನ ಪಂಪ್‌ಸೆಟ್ ಹೊಳಿ ಪಾಲಾತು. ನಂದು ಅಲ್ಲೇ ಬಿಟ್ಟು ಮನಿಗಿ ಹೋಗ್ಲೇನು? ಇವತ್ತರೇ ಅದು ಎಚ್ಚರ ಇರ್ತದೇನು?"

"ನೋಡಾಕತ್ತೇನ್ರಿ ಕಾಕಾ."

"ನೀ ನೋಡು. ಹೊಳಿ ಏನು ನಿಂತು ನೋಡಂಗಿಲ್ಲ."

ಆತ ಇಟ್ಟ ಮೇಲೆ ಗೌಸಮೊಹಿದ್ದೀನ, ತೆರೆದಿರುವ ಸಂಪರ್ಕಗಳನ್ನೆಲ್ಲ ತೋರಿಸೆಂದು ಕಂಪ್ಯೂಟರಿಗೆ ಹೇಳಿದ. ಪರದೆ ತುಂಬಿ ಹರಿಯಿತು. ಪ್ರತಿ ಪ್ರಶ್ನೆಗೂ ಹೊಸ ಸಂಪರ್ಕ. ಉತ್ತರ ಬಂದರೂ ಒಂದನ್ನೂ ಮುಚ್ಚಿರಲಿಲ್ಲ. ಆ ಕಡೆಯದು ದೊಡ್ಡ ಸರ್ವರ್, ಅದೇ ಮೊದಲು ಮುಚ್ಚಲೆಂದು ಬರೆಯುವಾಗಲೇ ಬಿಟ್ಟಿದ್ದ. ಇಷ್ಟೇ ತೆರೆಯಬೇಕೆಂಬ ಮಿತಿ ಕಂಪ್ಯೂಟರಿಗೆ ಉಂಟು. ಅದು ತುಂಬಿದರೆ ಹೊಸ ಪ್ರಶ್ನೆಗೆ ದಾರಿಯಿಲ್ಲ.

ಚಹಾ ತಂದ ಹೆಂಡತಿ ನಜಮುನ್ನಿಸಾ ಕತೆ ಕೇಳಿದಳು. "ನಿಮ್ಮ ಅದಬು ಮಶೀನಿಗೂ ಹತ್ತಿಸೀರೇನ್ರಿ? ಮಾತು ಮುಗದ ಮ್ಯಾಲ ಇಡಬೇಕ್ರಿ."

ಉತ್ತರ ಬಂದರೂ ಮುಚ್ಚು, ಬಾರದೆ ತಪ್ಪಾದರೂ ಮುಚ್ಚು ಎಂದು ಆತ ಪ್ರೋಗ್ರಾಮಿನಲ್ಲಿ ಬರೆದ. ಈಗ ಪರದೆಯ ಮೇಲೆ ಒಂದು ಸಾಲು ಮೂಡಿ ಮಾಯವಾಯಿತು. ಮತ್ತೊಂದು ಮೂಡಿತು, ಮಾಯ. ಈ ತಗಡಿನ ಅಂಗಡಿಯಿಂದ ಹೊರಟ ಪ್ರಶ್ನೆ ಎಲ್ಲೋ ಇರುವ ಯಂತ್ರವನ್ನು ಮುಟ್ಟಿ, ರೆಪ್ಪೆ ಬಡಿಯುವುದರೊಳಗೆ ನದಿಯ ಸುದ್ದಿ ತರುತ್ತಿತ್ತು. ದಿನಾ ನಡೆದದ್ದೇ, ಅವನು ಕಂಡದ್ದು ಇಂದು. ಬಾಯಿ ತೆರೆದೇ ಕುಂತ. ಚಹಾ ಆರಿತು.

ಸಂಜೆ ನೀರು ಹೆಚ್ಚಾದ ಸುದ್ದಿ ರೈತರಿಗೆ ತಾನಾಗಿ ಹೋಯಿತು. ಕತ್ತಲಾಗುವ ಮೊದಲು ದೇವೀಂದ್ರಪ್ಪನ ಫೋನ್: "ಪಂಪ್‌ಸೆಟ್ ಮ್ಯಾಲ ತಂದೇವಪಾ. ಅದು ಇದ್ದ ಜಾಗಾ ಈಗ ಕಾಣವಲ್ದು." ಅಷ್ಟಂದವನು ಕಟ್ ಮಾಡದೆ ಫೋನನ್ನು ಕಿಸೆಗೆ ಹಾಕಿಕೊಂಡ.

"ಇಡ್ರಿ ಇನ್ನ," ಎಂದಳು ನಜಮುನ್ನಿಸಾ.

ಮಶೀನಿಗೆ ಇಡಲು ಕಲಿಸಿದವನ ಬೆರಳು ಕೆಂಪು ಗುಂಡಿಗೆ ಹೋಗಲೊಲ್ಲದು. ಸ್ಪೀಕರ್ ಹಚ್ಚಿದ. ಆ ತುದಿಯಲ್ಲಿ ಭೀಮಾ ಮೈದುಂಬಿ ಹರಿಯುವ ಸಪ್ಪಳ ಅಂಗಡಿಯನ್ನೆಲ್ಲ ತುಂಬಿತು. ಇಡ್ರಿ ಎಂದವಳೂ ಸ್ಟೂಲು ಎಳೆದುಕೊಂಡು ಕೇಳುತ್ತ ಕುಂತಳು.