ಬಾಯಿಗೆ ಬಾಯಿ ಜೋಡಿಸಿದ ಕೇಬಲ್ಲು

ತಂತಿ ಬೆಸೆಯುವ ಸೋಲ್ಡರ್ ಹೊಗೆಯ ವಾಸನೆ ಬಂದರೆ ಸಾಕು, ಪಿ.ಜೆ. ಬಡಾವಣೆಯಲ್ಲಿ ಚಿಕ್ಕಮ್ಮ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದ ದಿನಗಳು ನೆನಪಾಗುತ್ತವೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಹೋಂವರ್ಕ್ ಮಾಡ್ತಿದ್ದೆ.

ಒಂದಿನ ಹರಿಹರದ ಅಕ್ಕಿ ಗಿರಣಿಯ ಮಾಲೀಕರು ತಾವೇ ತಂತಿ ಜೋಡಿಸಿದ ಹೊಸ ಕೇಬಲ್ ಹಿಡಿದು ಸಿಟ್ಟಿನಲ್ಲೇ ಬಂದರು.

"ತೂಕದ ಯಂತ್ರದಿಂದ ಕಂಪ್ಯೂಟರಿಗೆ ಒಂದು ಅಂಕಿನೂ ಬರ್ತಿಲ್ಲ. ಯಾಕ್ರಿ? ಲಾರಿಗಳು ಕಾಯ್ತಾ ನಿಂತಾವೆ!"

ಚಿಕ್ಕಮ್ಮ ಕೇಬಲ್ ಬಿಚ್ಚಿ ನೋಡಿದಳು. "ಕೂಡ್ರಿ. ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸೀರಿ. ಇಬ್ರೂ ಮಾತಾಡಿದ್ರೆ ಕೇಳೋರು ಯಾರು?"

"ತಮಾಷೆ ಬ್ಯಾಡ್ರಿ ಮೇಡಂ."

ಅವಳು ನಗುತ್ತಲೇ ಬಾಯಿಯಂತೆ ಅಂಕಿ ಕಳಿಸುವ ತಂತಿಯನ್ನೂ ಕಿವಿಯಂತೆ ಪಡೆಯುವ ತಂತಿಯನ್ನೂ ಒಂದು ತುದಿಯಲ್ಲಿ ಅದಲುಬದಲು ಮಾಡಿ ಬೆಸೆದು ಕೊಟ್ಟಳು.

ಸಂಜೆ ಅವರದೇ ಫೋನು. "ತೂಕ ಬಂತ್ರಿ! ಲಾರಿ ಹೊರಟ್ವು. ಮನೆಯವಳಿಗೂ ಹೇಳಿಬಿಟ್ಟೆ, ಇವತ್ತು ನೀನು ಮಾತಾಡು, ನಾನು ಕೇಳ್ತೀನಿ ಅಂತ."

ಈಗ ಆ ಅಂಗಡಿ ನನ್ನದು. ಬಂದವರನ್ನು ನಗಿಸದೆ ಕಳಿಸೋದಿಲ್ಲ.