ತರ್ಮುಜಿ ಬರೆದ ಮೀಸೆಮೀನು

ಬೊಗೋರ್‌ನಿಂದ ಜಕಾರ್ತಾಕ್ಕೆ ಹೋಗುವ ದಾರಿಯಲ್ಲಿ ಎಲ್ಲಿಯಾದರೂ ಟಾರ್ಪಾಲು ಹೊದಿಸಿದ ಅಂಗಡಿಯಲ್ಲಿ ಕೂತು ಕರಿದ ಮೀಸೆಮೀನು ತಿಂದವರು ನನ್ನ ಗಂಡನ ಕೈಕೆಲಸ ನೋಡಿಯೇ ಇರುತ್ತಾರೆ. ಅಂಗಡಿಯ ಮುಂದೆ ಇಳಿಬಿಡುವ ಬಿಳಿ ಬಟ್ಟೆಯ ಮೇಲೆ ಒಂದು ಕಡೆ ಕೋಳಿ, ಇನ್ನೊಂದು ಕಡೆ ಬಾತುಕೋಳಿ, ನಡುವೆ ದೊಡ್ಡದೊಂದು ಮೀಸೆಮೀನು ಬರೆಯುತ್ತಿದ್ದವರು ಲಾಮೊಂಗಾನ್ ಊರಿನ ತರ್ಮುಜಿ, ಅಂದರೆ ನಮ್ಮವರು. ರಸ್ತೆಯ ಆಚೆ ಬದಿ ಬೈಕಿನಲ್ಲಿ ಹೋಗುವವನ ಹೊಟ್ಟೆ ಅಲ್ಲಿಂದಲೇ ಚುರುಗುಟ್ಟಬೇಕು, ಅದು ಆ ಕಸುಬಿನ ಲೆಕ್ಕ. ಹಾಗಾಗಿ ಅವರ ಮೀನಿಗೆ ಗಿಳಿಹಸಿರು ಮೈ, ಕಿತ್ತಳೆ ಮೀಸೆ, ಕಿವಿಯಿಂದ ಕಿವಿಯವರೆಗೆ ನಗು. ಮೀನಿಗೆ ಕಿವಿ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿದರೂ ಬರೆಯುತ್ತಿದ್ದರು.

ಬರೆದರೇ ಹೊರತು ತಿಂದವರಲ್ಲ. ಅವರ ವಂಶದ ಹಿರಿಯನೊಬ್ಬ ಶತ್ರುಗಳಿಂದ ತಪ್ಪಿಸಿಕೊಂಡು ಕೊಳಕ್ಕೆ ಹಾರಿದಾಗ ಮೀಸೆಮೀನುಗಳೆಲ್ಲ ಮೇಲೆದ್ದು ಬಂದು ಅವನನ್ನು ಮುಚ್ಚಿದವಂತೆ. ಇಷ್ಟು ಮೀನು ಆರಾಮಾಗಿರುವ ಕಡೆ ಮನುಷ್ಯ ಇರಲಾರ ಎಂದು ಬೆನ್ನಟ್ಟಿದವರು ವಾಪಸಾದರಂತೆ. ಅಂದಿನಿಂದ ಆ ಮನೆತನದವರು ಅದನ್ನು ಬಾಯಿಗಿಡುವುದಿಲ್ಲ, ಇಟ್ಟರೆ ಮೈಮೇಲೆ ಬಿಳಿ ಮಚ್ಚೆ ಏಳುತ್ತದಂತೆ. ಕರಿದು ಮಾರಬಹುದೇ ಎಂದು ಮಾತ್ರ ಮೀನನ್ನು ಯಾರೂ ಕೇಳಲಿಲ್ಲ. ನಾವು ಮಾರಿಯೇ ಮನೆ ಕಟ್ಟಿದೆವು.

ಕಂಪ್ಯೂಟರಿನಲ್ಲಿ ಅಚ್ಚಾಗುವ ಬ್ಯಾನರ್ ಬಂದ ಮೇಲೆ ಇವರ ಬ್ರಷ್ಷಿಗೆ ಕೆಲಸ ಇಲ್ಲವಾಯಿತು. ನನ್ನ ಅಂಗಡಿಯಲ್ಲಿ ಸೌತೆಕಾಯಿ ಹೆಚ್ಚುತ್ತಾ ಕೂತರು. ಒಂದು ಹೋಳು ಕಾಗದದಷ್ಟು ತೆಳು, ಇನ್ನೊಂದು ಇಟ್ಟಿಗೆ. ಆ ದಿನಗಳಲ್ಲಿ ಇಮಾಸ್ ಎಂಬ ಹುಡುಗಿ ಊಟಕ್ಕೆ ಬರುತ್ತಿದ್ದಳು. ಹೊಳೆಮೀನುಗಳ ಬಗ್ಗೆ ಓದಿಕೊಂಡವಳು, ಭಾನುವಾರ ಭಾನುವಾರ ಗಿಡ, ಹುಳ, ಮೀನುಗಳನ್ನು ಇದ್ದದ್ದು ಇದ್ದ ಹಾಗೆ ಬರೆಯಲು ಕಲಿಸುತ್ತಿದ್ದಳು. ನಮ್ಮ ಬಟ್ಟೆಯ ಮೀನನ್ನು ನೋಡಿ ನಕ್ಕು, "ಪಾಕ್, ನೀವೂ ಬನ್ನಿ" ಎಂದಳು.

"ಹೋಗಿ ಪಾಕ್ನೆ, ಸೌತೆಕಾಯಿಯಾದ್ರೂ ಬದುಕ್ಕೊಳ್ಳತ್ತೆ" ಎಂದೆ ನಾನು. ಪಾಕ್ ಅಂದರೆ ಅಪ್ಪ, ಹಿರಿಯರಿಗೆಲ್ಲ ಹಾಗೇ ಅನ್ನುತ್ತಾರೆ; ನಾನಂತೂ ಮಗಳ ಅಪ್ಪನಾದ ಮೇಲೆ ಅವರನ್ನು ಪಾಕ್ನೆ ಎಂದೆನೇ ಹೊರತು ಹೆಸರು ಹಿಡಿದು ಕರೆದವಳಲ್ಲ.

ಮೊದಲ ದಿನ ಎಲ್ಲರೂ ತಟ್ಟೆಯಲ್ಲಿಟ್ಟ ಮೀನನ್ನು ನೋಡುತ್ತಾ ಕೂತಿದ್ದರೆ ಇವರು ಆಗಲೇ ಬರೆದು ಮುಗಿಸಿ ಕೈಕಟ್ಟಿ ಕೂತಿದ್ದರಂತೆ.

"ಪಾಕ್, ಈ ಮೀನು ಯಾಕೆ ನಗ್ತಿದೆ?" ಎಂದಳು ಇಮಾಸ್.

"ನಕ್ರೆ ಗಿರಾಕಿ ಬರ್ತಾನೆ, ಬು ಗುರು" ಎಂದರು ಇವರು, ಟೀಚರಮ್ಮ ಅನ್ನುವ ಹಾಗೆ.

"ತಟ್ಟೇಲಿರೋದು ನಗ್ತಿದೆಯಾ?"

ನೋಡಿದರು. ನಗುತ್ತಿರಲಿಲ್ಲ. ಮನೆಗೆ ಬಂದವರ ಮುಖ ಸಣ್ಣದಾಗಿತ್ತು. "ಸುಲಿಕಾ, ಅದಕ್ಕೆ ಎಂಟು ಮೀಸೆ ಇದೆ ಕಣೆ. ನಾನು ಇಷ್ಟು ವರ್ಷ ನಾಲ್ಕೇ ಕೊಟ್ಟಿದ್ದೆ."

"ಉಳಿದ ನಾಲ್ಕು ನನ್ನ ಎಣ್ಣೇಲಿ ಕರಗಿರ್ಬೇಕು. ಊಟ ಮಾಡಿ" ಎಂದೆ.

ಇಮಾಸ್ ಕಲಿಸುವ ಕ್ರಮವೇ ಬೇರೆ. ಮೊದಲು ಪೆನ್ಸಿಲ್ಲಿನಲ್ಲಿ ಅಳತೆ. ಆಮೇಲೆ ಸಣ್ಣ ನಿಬ್ಬಿನ ಮಸಿಯಲ್ಲಿ ಗೆರೆ, ನೆರಳು ಬೇಕಾದಲ್ಲಿ ಚುಕ್ಕಿಯ ಪಕ್ಕ ಚುಕ್ಕಿ. ಕೊನೆಗೆ ನೀರುಬಣ್ಣ. ಹೊಳಪಿಗೆಂದು ಬಿಳಿ ಬಳಿಯುವಂತಿಲ್ಲ, ಅಲ್ಲಿ ಕಾಗದವನ್ನೇ ಖಾಲಿ ಬಿಡಬೇಕು. ದಪ್ಪ ಬಿಳಿ ಬಣ್ಣ ಇಟ್ಟು ಮೀನಿನ ಕಣ್ಣು ತೆರೆಸುತ್ತಿದ್ದ ಮನುಷ್ಯನಿಗೆ ಅದೊಂದು ಶಿಕ್ಷೆಯಾಯಿತು. ಕೈ ಹಳೆಯ ದಾರಿಯಲ್ಲೇ ಓಡುತ್ತಿತ್ತು, ಎಡಗೈಯಲ್ಲಿ ಬಲಗೈ ಹಿಡಿದು ನಿಲ್ಲಿಸುವುದನ್ನು ನಾನೇ ನೋಡಿದ್ದೇನೆ. ಆದರೂ ಬಿಡಲಿಲ್ಲ.

ಮುಂದಿನ ವರ್ಷ ಚಿಲಿವುಂಗ್ ಹೊಳೆಯ ಮೀನುಗಳ ಪುಸ್ತಕವೊಂದು ಬರುವುದಿತ್ತು. ಕಲಿಯುವವರು ತಲೆಗೊಂದು ಮೀನು ಬರೆಯಬೇಕು, ಚಿತ್ರದ ಕೆಳಗೆ ಬರೆದವರ ಹೆಸರು ಅಚ್ಚಾಗುತ್ತದೆ. ಇವರ ಪಾಲಿಗೆ ಬಂದದ್ದು ಮೀಸೆಮೀನೇ, ಆದರೆ ತೊಟ್ಟಿಯಲ್ಲಿ ಸಾಕಿದ್ದಲ್ಲ, ಹೊಳೆಯದು. ಜೀವಮಾನವಿಡೀ ಬ್ಯಾನರ್ ಬರೆದವರು, ಅದರ ಮೇಲೆಲ್ಲ ಅಂಗಡಿಯವನ ಹೆಸರು ಆನೆಗಾತ್ರ, ಇವರದು ಎಲ್ಲೂ ಇಲ್ಲ. ಆ ಪುಸ್ತಕದಲ್ಲಿ ಹೆಸರು ಬರಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾನು ಅನ್ನ ಕಟ್ಟುವ ಕಾಗದದ ಮೂಲೆಯಲ್ಲೆಲ್ಲ "ತರ್ಮುಜಿ, ತರ್ಮುಜಿ" ಎಂದು ಚಿಕ್ಕದಾಗಿ ಬರೆದು ಕೈ ಪಳಗಿಸುತ್ತಿದ್ದರು.

ಹೇಗೋ ಒಂದು ಹೊಳೆಮೀನು ಸಿಕ್ಕಿತು. ಬೆನ್ನಿನ ರೆಕ್ಕೆಯಲ್ಲಿ ಹರಿದ ಕಚ್ಚೊಂದಿತ್ತು. ಸತ್ತರೆ ಬಣ್ಣ ಹೋಗುತ್ತದೆಂದು ಬಕೆಟ್ಟಿನಲ್ಲಿ ಜೀವಂತ ಇಟ್ಟುಕೊಂಡೇ ಬರೆಯುತ್ತಿದ್ದರು. ಮನೆಯಲ್ಲಿ ಬಿಟ್ಟರೆ ಬೆಕ್ಕಿನ ಭಯ, ಸಂಜೆ ಅಂಗಡಿಗೂ ಹೊತ್ತು ತರುತ್ತಿದ್ದರು.

ಒಂದು ಶನಿವಾರ ಕಾಲಿಡಲು ಜಾಗವಿಲ್ಲದಷ್ಟು ಜನ. ಮಾರುವ ಮೀನಿನ ಬಕೆಟ್ಟಿನ ಪಕ್ಕದಲ್ಲೇ ಇವರ ಬಕೆಟ್ಟೂ ಇತ್ತು, ನೀರು ಬದಲಿಸಲೆಂದು ತಾವೇ ತಂದಿಟ್ಟಿದ್ದರು. "ಇನ್ನೊಂದು ಮೀನು" ಎಂದು ನಾನು ಕೂಗಿದೆ. ಅವರ ಕೈ ಬಕೆಟ್ಟಿಗೆ ಹೋಯಿತು, ಹಿಡಿಯಿತು, ತಲೆಗೊಂದು ಬಡಿಯಿತು, ಕೊಯ್ದು ತೊಳೆದು ನನಗೆ ಕೊಟ್ಟಿತು. ನಾನು ಕರಿದೆ. ನಮ್ಮ ಖಾಯಂ ಗಿರಾಕಿ, ವ್ಯಾನ್ ಓಡಿಸುವ ಓದಿಂಗ್, ಬೆರಳು ಚೀಪುತ್ತಿದ್ದಾಗ ಇವರು ಅವನ ತಟ್ಟೆಯ ಮುಂದೆ ನಿಂತುಬಿಟ್ಟರು. ಮುಳ್ಳಿನ ಪಕ್ಕ ಗರಿಗರಿ ರೆಕ್ಕೆ, ಅದರಲ್ಲಿ ಅದೇ ಕಚ್ಚು.

"ಏನ್ ಪಾಕ್, ಹಾಗೆ ನೋಡ್ತೀರಿ? ಇವತ್ತು ಸಾಲ ಹೇಳಲ್ಲ."

"ಹೇಗಿತ್ತು?"

"ಇವತ್ತಿಂದು ಬಹಳ ರುಚಿ."

ಇವರು ಹಿಂದೆ ಹೋಗಿ ಖಾಲಿ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನನಗೆ ಮೊದಲು ನಗು ಬಂತು. ಆಮೇಲೆ ಅವರ ಮುಖ ನೋಡಿ ಒಲೆ ಸಣ್ಣ ಮಾಡಿ ಪಕ್ಕದಲ್ಲಿ ಹೋಗಿ ಕೂತೆ.

ಕಾಗದದ ಮೇಲೆ ತಲೆ, ಮೀಸೆ, ಅರ್ಧ ಮೈ ಆಗಿತ್ತು. ಹಿಂದಿನ ಅರ್ಧ ಖಾಲಿ. ಒಪ್ಪಿಸಬೇಕಾದ ದಿನ ನಾಳೆಯದು ಬಿಟ್ಟು ಮುಂದಿನ ಭಾನುವಾರ.

"ಬಾಲ ಬರೆದು ಮುಗಿಸಿ" ಎಂದೆ. "ಕಣ್ಮುಚ್ಕೊಂಡು ಬರೀತಿದ್ರಲ್ಲ."

"ಅದು ನನ್ನ ಬಾಲ ಕಣೆ. ಅದರದ್ದಲ್ಲ."

"ಯಾರಿಗೆ ಗೊತ್ತಾಗತ್ತೆ? ಸಾಕ್ಷಿ ಓದಿಂಗ್ ಹೊಟ್ಟೇಲಿದೆ."

ಅವರು ನಗಲಿಲ್ಲ. ಹೊಳೆಗೆ ಹೋದರು, ಬರಿಗೈಯಲ್ಲಿ ಬಂದರು, ಮತ್ತೆ ಹೋದರು. ಅದು ಈಗ ಅಲ್ಲಿ ಸಿಗುವುದೇ ಅಪರೂಪ.

ಸುದ್ದಿ ಓದಿಂಗ್ ಕಿವಿಗೆ ಬಿತ್ತು. ಹಾಕಿದವಳು ನಾನೇ, ಬಾಯಿ ಮುಚ್ಚಿಕೊಂಡಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಒಪ್ಪಿಸುವ ಹಿಂದಿನ ದಿನ ಅವನು ಹೆಂಡತಿಯ ಊರಿಗೆ, ಹೊಳೆ ಇನ್ನೂ ತಿಳಿಯಾಗಿರುವ ಮೇಲಿನ ಕಡೆಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಜೀವಂತ ಮೀಸೆಮೀನು ಹಿಡಿದು ತಂದ. "ತಿಂದದ್ದನ್ನ ತಂದಿದ್ದೀನಿ ಪಾಕ್. ಇನ್ನಾದ್ರೂ ನಂಗೆ ಅನ್ನ ಇಳೀಲಿ" ಎಂದ. ನನ್ನ ಮನಸ್ಸು ಹಗುರಾಯಿತು. ಬಾಲ ಮಾತ್ರ ತಾನೆ ಬಾಕಿ, ಸಂಜೆಯೊಳಗೆ ಮುಗಿಯುತ್ತದೆ.

ಇವರು ಬಕೆಟ್ಟಿನೊಳಗೆ ತುಂಬ ಹೊತ್ತು ನೋಡಿದರು. ಆಮೇಲೆ ಹಳೆಯ ಹಾಳೆ ತೆಗೆದು ಪಕ್ಕಕ್ಕಿಟ್ಟು ಹೊಸ ಹಾಳೆ ಹಾಕಿಕೊಂಡರು.

"ಏನಿದು?"

"ಇವನು ಬೇರೆಯವನು, ಸುಲಿಕಾ. ತಲೆ ನೋಡು, ಎಷ್ಟು ಅಗಲ."

ನನ್ನ ಕೈಯಲ್ಲಿ ಸಟ್ಟುಗವಿತ್ತು. ಹೊಡೆಯಲಿಲ್ಲ. ಅವರು ಮಾತ್ರ ಸ್ವಲ್ಪ ಹಿಂದಕ್ಕೆ ಸರಿದು ಕೂತೇ ಬರೆದರು.

ಭಾನುವಾರ ಓದಿಂಗ್‌ನ ವ್ಯಾನಿನಲ್ಲಿ ನಾನೂ ಹೋದೆ, ಬಕೆಟ್ ತೊಡೆಯ ಮೇಲಿಟ್ಟುಕೊಂಡು. ಇವರ ಕೈಗೆ ಅದನ್ನು ಕೊಡುವ ಧೈರ್ಯ ನನಗಿರಲಿಲ್ಲ. ಇಮಾಸ್ ಎರಡೂ ಹಾಳೆ ನೋಡಿದಳು. ಒಂದರಲ್ಲಿ ಹಿಂಭಾಗವಿಲ್ಲ, ಇನ್ನೊಂದರಲ್ಲಿ ಇಡೀ ಮೀನು ಪೆನ್ಸಿಲ್ಲಿನಲ್ಲೇ ಇದೆ.

"ಎರಡೂ ಒಂದೇ ಜಾತಿ, ಪಾಕ್. ಒಂದರ ಮುಂದು, ಇನ್ನೊಂದರ ಹಿಂದು ಸೇರಿಸೋದು ತಪ್ಪಲ್ಲ. ನಾವೆಲ್ಲ ಮಾಡ್ತೀವಿ. ಸಂಜೆವರೆಗೂ ಕಾಯ್ತೀನಿ, ಇಲ್ಲೇ ಕೂತು ಮುಗಿಸಿ."

ಗುರುವೇ ದಾರಿ ಬಿಟ್ಟ ಮೇಲೆ ಇನ್ನೇನು ಅಡ್ಡಿ ಎಂದುಕೊಂಡೆ. ಇವರು ಮಂಡಿ ಸವರಿಕೊಳ್ಳುತ್ತಾ ಕೂತಿದ್ದರು.

"ನಿಮ್ಮ ಕೈಗೆ ತಪ್ಪಲ್ಲ, ಬು ಗುರು. ನನ್ನ ಕೈ ಎಂಥದ್ದು ನಂಗೆ ಗೊತ್ತು. ಒಂದ್ಸಲ ಸೇರಿಸೋಕೆ ಬಿಟ್ರೆ ಮೀನು ಮತ್ತೆ ನಗೋಕೆ ಶುರು ಮಾಡತ್ತೆ."

ಇಮಾಸ್ ಎರಡೂ ಹಾಳೆ ಜೋಡಿಸಿ ಅವರ ಕೈಗೇ ಕೊಟ್ಟಳು. "ಹಾಗಾದ್ರೆ ಪುಸ್ತಕದಲ್ಲಿ ನಿಮ್ಮ ಚಿತ್ರದ ಜಾಗದಲ್ಲಿ ಫೋಟೋ ಹಾಕ್ಬೇಕಾಗತ್ತೆ, ಪಾಕ್. ಅಚ್ಚಿನ ದಿನ ಮುಂದೆ ಹಾಕೋದು ನನ್ನ ಕೈಲಿಲ್ಲ."

"ಗೊತ್ತು."

"ಮುಂದಿನ ಭಾನುವಾರ ಬರ್ತೀರಲ್ಲ?"

"ಬರ್ದೆ ಇರ್ತೀನಾ? ಮನೇಲಿದ್ರೆ ಇವಳು ನನ್ನ ಕೈಲಿ ಸೌತೆಕಾಯಿ ಹೆಚ್ಚಿಸ್ತಾಳೆ."

ಎಲ್ಲರೂ ನಕ್ಕರು. ವಾಪಸು ಬರುವಾಗ ವ್ಯಾನಿನ ಕಿಟಕಿಯ ಕಡೆ ಮುಖ ಮಾಡಿ ಕೂತವರು ಮನೆ ಬರುವ ತನಕ ಈ ಕಡೆ ತಿರುಗಲಿಲ್ಲ. ಅಷ್ಟು ಆಸೆಪಟ್ಟಿದ್ದ ಹೆಸರನ್ನು ತಾವೇ ಕೈಯಾರೆ ಬಿಟ್ಟು ಬಂದಿದ್ದರು. ಮದುವೆಯ ಹೊಸತರಲ್ಲೂ ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ಬಂದದ್ದು ನೆನಪಿಲ್ಲ.

ಉಪವಾಸದ ತಿಂಗಳು ಮುಗಿದು ಲೆಬಾರಾನ್ ಹಬ್ಬ ಬರುವ ಹೊತ್ತಿಗೆ ಎರಡನೆಯ ಹಾಳೆಯ ಚಿತ್ರ ಮುಗಿಯಿತು. ಮೀನನ್ನು ಓದಿಂಗ್ ಹಿಡಿದ ಜಾಗದಲ್ಲೇ ಬಿಟ್ಟು ಬಂದ. ಹಾಳೆಯ ಮೇಲೆ ಕೆಸರುಬಣ್ಣದ ಒದ್ದೆ ಮೈ, ಅಗಲ ತಲೆ, ಕೆಳಗೆ ಇರುವೆಯಷ್ಟು ಚಿಕ್ಕದಾಗಿ ಹೆಸರು. ನಗುವೂ ಇಲ್ಲ ಅಳುವೂ ಇಲ್ಲ, ಮೀನು ತನ್ನ ಪಾಡಿಗೆ ತಾನಿತ್ತು. ಅವತ್ತು ಸಂಜೆ ಎಣ್ಣೆ ಕಾಯಲಿಟ್ಟು ಬಕೆಟ್ಟಿನಿಂದ ಮೊದಲ ಮೀನು ಎತ್ತಿದವಳು ಹಾಗೇ ನಿಂತೆ. ಆಮೇಲೆ ಕೊಯ್ದೆ, ಕರಿದೆ, ವ್ಯಾಪಾರ ಬಿಡಲಾದೀತೇ. ಆದರೆ ಮೊದಲು ಮುಖ ನೋಡಿದೆ. ಈಗ ದಿನಾ ನೋಡುತ್ತೇನೆ, ಒಂದರ ಮುಖ ಇನ್ನೊಂದಕ್ಕಿಲ್ಲ.