ಅಮ್ಮ ನನಗೆ ಕಟ್ಟಿದ ಹಾಡು

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ರೋಸ್‌ನ ದಿನ ಅಮ್ಮ ಹಸಿರು ಸೀರೆ ಉಟ್ಟಿದ್ದರೆಂದು ಡೈರಿಯಲ್ಲಿ ಬರೆದಿದ್ದೇನೆ. ಫೋಟೊದಲ್ಲಿ ಅದು ನೀಲಿ.

ರೋಸ್ ಎಂದರೆ ಕರಾವಳಿಯ ಕ್ರೈಸ್ತರಾದ ನಮ್ಮಲ್ಲಿ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನನ್ನದು ಕೊಲ್ಲಿಯ ಈ ಊರಿನಲ್ಲಿ, ಬಿನ್ ಮಹಮೂದಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಡಬ್ಬಿಯ ಹಾಲಿನಲ್ಲಿ ಆಯಿತು. ಹಾಲು ಹಚ್ಚುವಾಗ ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಹಾಡುತ್ತಾರೆ. ಹಳೆಯ ನುಡಿಗಳ ನಡುವೆ ಆ ಮದುಮಗಳಿಗೆಂದೇ ಒಂದೆರಡು ಹೊಸದಾಗಿ ಕಟ್ಟಿ ಸೇರಿಸುವುದುಂಟು. ಅಮ್ಮ ಕಟ್ಟಿದ್ದು, 'ಗುಡುಗಿಗೆ ಹೆದರಿ ನನ್ನ ಸೆರಗಿನೊಳಗೆ ಹೊಕ್ಕವಳು ನಾಳೆ ಗುಡುಗಿದರೆ ಎಲ್ಲಿ ಹೋಗುತ್ತಾಳೆ' ಎಂದು. ರಾಗವೂ ಅವರದೇ.

ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಚಿಕ್ಕಮ್ಮನ ಮಗಳಿಗೆ ಬರಲಾಗಿರಲಿಲ್ಲ. ಇಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ. ಹಾಗಾಗಿ ಅಮ್ಮನ ಹಾಡನ್ನು ನಾನೇ ರೆಕಾರ್ಡ್ ಮಾಡಿ ಕಳುಹಿಸಿದೆ. ಫೋನ್ ಹಾಲಿನಿಂದ ಅಂಟಂಟಾಗಿತ್ತು. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಈ ತಂಗಿ ಹದಿನಾಲ್ಕರಲ್ಲೇ ಹಾಡು ಬರೆಯುತ್ತಿದ್ದಳು. ಮೊದಲು ಇಗರ್ಜಿಯ ಕ್ವಾಯರ್, ಆಮೇಲೆ ಪಬ್ಬುಗಳು, ಆಮೇಲೆ ಒಂದು ರೆಕಾರ್ಡ್ ಕಂಪನಿ. ಮೊದಲ ಆಲ್ಬಮ್ಮನ್ನು ಯಾರೂ ಕೇಳಲಿಲ್ಲ; ಕಂಪನಿ ಕೈಬಿಟ್ಟಿತು. ಆ ದಿನಗಳಲ್ಲಿ ಅವಳು ಹೊಸ ಹಾಡುಗಳನ್ನು ಮೊದಲು ನನಗೇ ಕಳುಹಿಸುತ್ತಿದ್ದಳು. ಲುಸೈಲಿನ ಆಫೀಸಿಗೆ ಮೆಟ್ರೊದಲ್ಲಿ ಹೋಗುತ್ತಾ ಕೇಳಿ, ಯಾವ ಸಾಲು ಸುಳ್ಳು ಅನಿಸಿತೆಂದು ಬರೆದು ತಿಳಿಸುತ್ತಿದ್ದೆ. ಒಂದನ್ನು ಮಾತ್ರ ಅವಳು ಕಳುಹಿಸಲಿಲ್ಲ. ಅವಳಿಗೆ ಹೆಸರು ತಂದದ್ದು ಅದೇ.

ಎಲ್ಲರಂತೆ ನಾನೂ ಅದನ್ನು ಬಿಡುಗಡೆಯಾದ ಮೇಲೆ ಕೇಳಿದೆ. ಅಮ್ಮನ ಅದೇ ರಾಗ. ಮಾತು ಇಂಗ್ಲಿಷಿನದು, ಸೆರಗು ಕೋಟಾಗಿತ್ತು, ಗುಡುಗು ಹಾಗೆಯೇ ಇತ್ತು. ಇದು ಎಲ್ಲಿಂದ ಬಂತೆಂದು ಒಂದು ದಿನ ತಾನೇ ಹೇಳುತ್ತಾಳೆ ಎಂದುಕೊಂಡೆ. ಕಳೆದ ಚಳಿಗಾಲ ಲುಸೈಲಿನಲ್ಲಿ ಹಾಡಲು ಬಂದವಳು ವೇದಿಕೆಯ ಮೇಲೆ ಹೇಳಿಯೂ ಹೇಳಿದಳು: ಕಂಪನಿ ಕೈಬಿಟ್ಟ ವಾರ, ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಗ ಇದು ತಾನಾಗಿ ಬಂತಂತೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನೋ ಏನೋ.

ಮರುದಿನ ಮುಐದರಿನ ನಮ್ಮ ಈಗಿನ ಮನೆಗೆ ಊಟಕ್ಕೆ ಬಂದಳು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ಮೀನಿನ ಸಾರು ಮಾಡಿದ್ದರು. ನಾನು ತಮಾಷೆ ಎಂಬಂತೆ ಕೇಳಿದೆ.

"ಕೋಟಿನೊಳಗೆ ಅಡಗಿದ್ದು ಯಾರು ಮಾರಾಯ್ತಿ, ನೀನಾ?"

ಅವಳು ನಕ್ಕಳು. ಅವಳ ಮುರುಕು ಕೊಂಕಣಿಯನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಂಟಿ ಹತ್ರ ಕೇಳಿಯೇ ತೆಗೊಂಡದ್ದು ಅಕ್ಕ. 'ನೀನು ತೆಗೊ, ಅವಳಿಗೆ ಅದು ನೆನಪೂ ಇಲ್ಲ' ಅಂದ್ರು."

ಅಮ್ಮ ಅವಳ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದರು. ನನ್ನ ಕಡೆ ನೋಡಲಿಲ್ಲ.

ತಂಗಿಯ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿಗೆ ಆ ಕ್ಷಣ ಜಾಗವೇ ಉಳಿಯಲಿಲ್ಲ. ಅವಳಿಗೆ ಹಾಡು ಕಳುಹಿಸಿದ್ದು ನಾನೇ. ಅದು ಕೊಟ್ಟಂತೆಯೇ ಆಯಿತೆ? ಆಗಲಿ. ಆದರೆ ನಾನು ಮರೆತೆನೆಂಬುದು? ಸೀರೆಯ ಬಣ್ಣ ಮರೆತಿದ್ದೇನೆ, ನುಡಿಯನ್ನಲ್ಲ.

ಅವಳ ಕಾರು ಹೋದ ಮೇಲೆ ಅಡುಗೆಮನೆಗೆ ಹೋದೆ. ಅಮ್ಮ ತಟ್ಟೆ ತೊಳೆಯುತ್ತಿದ್ದರು. ನನ್ನ ಮಾತು ಕೇಳಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿದರು. ಅವರು ಮಂಗಳೂರಿಗೆ ಮರಳಿ ಮೂರು ತಿಂಗಳಾಯಿತು. ಫೋನಿನಲ್ಲಿ ಎಲ್ಲ ಮಾತಾಡುತ್ತೇವೆ, ಇದೊಂದನ್ನು ಬಿಟ್ಟು. ಅಂದು ನಲ್ಲಿಯ ಬಳಿ ನಾನು ಕೇಳಿದ್ದು ಇಷ್ಟೇ:

"ಮಮ್ಮಿ, ನನಗೆ ನೆನಪಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"